ನುಡಿ ಫಾಂಟನ್ನು ಔಟ್‌ಲುಕ್‌ನಲ್ಲಿ ಡಿಫಾಲ್ಟ್ ಮಾಡಬೇಡಿ, ದಯವಿಟ್ಟು

ಔಟ್‌ಲುಕ್‌ನಲ್ಲಿ ನುಡಿ ಫಾಂಟನ್ನು ಡಿಫಾಲ್ಟ್ ಮಾಡಿ, ಸಿಗ್ನೇಚರನ್ನೂ ಅದರಲ್ಲೇ ಬರೆದು, ಮೇಲ್ ಪಡೆದವರಿಗೆಲ್ಲ ಹಾಗೇ ಕಾಣುವಂತೆ ಮಾಡುವುದು ಹೇಗೆ ಅಂತ ಕೇಳಿದ್ದೀರಿ. ಕಾಣುವುದಿಲ್ಲ. ಯಾವ ಸೆಟ್ಟಿಂಗ್ ಬದಲಾಯಿಸಿದರೂ ಕಾಣುವುದಿಲ್ಲ. ಇದನ್ನೇ ಮಾಡಿ ನಾನು ಒಂದು ದೊಡ್ಡ ಆರ್ಡರ್ ಕಳೆದುಕೊಂಡಿದ್ದೇನೆ.

ಆಗ ನಾನು ಕೋಲಾರದ ಒಂದು ಡ್ರಿಪ್ ಪೈಪ್ ಅಂಗಡಿಯಲ್ಲಿ ಕೊಟೇಶನ್, ಬಿಲ್ಲು ನೋಡಿಕೊಳ್ಳುತ್ತಿದ್ದೆ. ನಮ್ಮ ಕಡೆ ಮಾತು ಅರ್ಧ ತೆಲುಗು. ಆದರೆ ಕಾಗದ ಪತ್ರ ಕನ್ನಡದಲ್ಲೇ ಇರಬೇಕು, ರೈತರ ಗುಂಪಿನವರು ಕೂತು ಒಟ್ಟಿಗೆ ಓದುತ್ತಾರೆ ಅಂತ ಯಜಮಾನರು ಹೇಳುತ್ತಿದ್ದರು. ಸರಿಯಾದ ಮಾತೇ. ನಾನು ಔಟ್‌ಲುಕ್‌ನ ಫೈಲ್, ಆಪ್ಶನ್ಸ್, ಮೇಲ್, ಅಲ್ಲಿ ಸ್ಟೇಷನರಿ ಅಂಡ್ ಫಾಂಟ್ಸ್ ಒಳಗೆ ಹೋಗಿ ಹೊಸ ಮೇಲ್‌ಗೂ ರಿಪ್ಲೈಗೂ ನುಡಿ 01 ಇ ಇಟ್ಟೆ. ಸಿಗ್ನೇಚರಿನಲ್ಲಿ ಅಂಗಡಿ ಹೆಸರು ದಪ್ಪಕ್ಷರದಲ್ಲಿ, ಕೆಳಗೆ ವಿಳಾಸ. ಸೆಂಟ್ ಫೋಲ್ಡರ್ ತೆಗೆದು ನೋಡಿದರೆ ಅಚ್ಚು ಹಾಕಿಸಿದ ಲೆಟರ್‌ಹೆಡ್ ಥರ ಇತ್ತು. ಯಜಮಾನರ ಕಂಪ್ಯೂಟರಿಗೆ ಕಳಿಸಿ ನೋಡಿದೆ. ಅಲ್ಲೂ ಚೆನ್ನಾಗಿ ಕಂಡಿತು. ಕಾಣದೆ ಇನ್ನೇನು, ನಮ್ಮ ಅಂಗಡಿಯ ಎಲ್ಲ ಕಂಪ್ಯೂಟರಲ್ಲೂ ನುಡಿ ಇತ್ತಲ್ಲ!

ಶ್ರೀನಿವಾಸಪುರದ ಕಡೆ ಮಾವಿನ ತೋಟದವರ ಒಂದು ಗುಂಪು ಕೊಟೇಶನ್ ಕೇಳಿತ್ತು. ನಮ್ಮ ರೇಟಿನಲ್ಲಿ ಪೈಪು ತೋಟಕ್ಕೆ ತಲುಪಿಸುವ ಬಾಡಿಗೆ, ಹಾಕಿಕೊಡುವ ಕೂಲಿ ಎಲ್ಲ ಸೇರಿತ್ತು. ಅದನ್ನು ಪ್ರತಿ ಸಾಲಿನ ಕೊನೆಯಲ್ಲೂ ಬರೆದಿದ್ದೆ. ಮೇಲ್ ಕಳಿಸಿ ಕಾದೆ, ಉತ್ತರ ಇಲ್ಲ. ಕೊನೆಗೆ ನಾನೇ ಫೋನ್ ಮಾಡಿದೆ. ಕಾರ್ಯದರ್ಶಿಗಳು, "ಏನಪ್ಪಾ, ನಿಮ್ಮ ರೇಟು ಎಲ್ಲರಿಗಿಂತ ಜಾಸ್ತಿ. ಮೇಲಲ್ಲಿ ನಂಬರ್ ಬಿಟ್ಟು ಬೇರೆ ಏನೂ ಓದೋಕಾಗ್ಲಿಲ್ಲ. ವೈರಸ್ ಇರಬೇಕು, ಜಾಸ್ತಿ ಮುಟ್ಟಬೇಡಪ್ಪಾ ಅಂದ ನನ್ನ ಮಗ" ಅಂದರು. ಅಷ್ಟರಲ್ಲಿ ಬೇರೆಯವರಿಗೆ ಅಡ್ವಾನ್ಸ್ ಕೊಟ್ಟಾಗಿತ್ತು. ಅವರ ರೇಟು ಬರೀ ಪೈಪಿನದು.

ಆದದ್ದೇನು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಹೊರಟಿರುವುದೂ ಅಲ್ಲಿಗೇ. ಮೇಲ್ ಜೊತೆ ಫಾಂಟ್ ಹೋಗುವುದಿಲ್ಲ. ಅಕ್ಷರಗಳು ಹೋಗುತ್ತವೆ, ಜೊತೆಗೆ "ಇದನ್ನು ಈ ಹೆಸರಿನ ಫಾಂಟಿನಲ್ಲಿ ತೋರಿಸು" ಅನ್ನುವ ಒಂದು ಸೂಚನೆ ಹೋಗುತ್ತದೆ, ಅಷ್ಟೇ. ಆ ಫಾಂಟ್ ಅವರ ಹತ್ತಿರ ಇಲ್ಲದಿದ್ದರೆ ಇರುವ ಬೇರೆ ಫಾಂಟಿನಲ್ಲಿ ತೋರಿಸುತ್ತದೆ. ಇಂಗ್ಲಿಷಿಗೆ ಇದರಿಂದ ನಷ್ಟವಿಲ್ಲ, ಅಕ್ಷರದ ಆಕಾರ ಸ್ವಲ್ಪ ಬದಲಾಗುತ್ತದೆ. ನುಡಿ 01 ಇ ಥರದ ಹಳೆಯ ಆಸ್ಕಿ ಫಾಂಟುಗಳ ಕಥೆ ಬೇರೆ. ಅವುಗಳಲ್ಲಿ ಕಂಪ್ಯೂಟರ್ ಒಳಗೆ ಇರುವುದು ಕನ್ನಡವೇ ಅಲ್ಲ. ನೀವು "ಕನ್ನಡ" ಅಂತ ಬರೆದರೆ ಒಳಗೆ ಕೂರುವುದು ಇಂಗ್ಲಿಷಿನ ಪಿ, ತಲೆ ಮೇಲೆ ಗೆರೆ ಎಳೆದ ಎ, ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಕ್ಯೂ, ಮತ್ತೆ ಎ. ಪಿ ಅಕ್ಷರದ ಜಾಗದಲ್ಲಿ ಕಕಾರದ ಚಿತ್ರ ಬರೆದಿಟ್ಟಿರುತ್ತಾರೆ, ಅದಕ್ಕೆ ನಮಗೆ ಕನ್ನಡ ಕಾಣುತ್ತದೆ. ಫಾಂಟ್ ಹೋದರೆ ಆ ಚಿತ್ರವೂ ಹೋಯಿತು, ಉಳಿಯುವುದು ಪಿ, ಎ, ಪೌಂಡ್. ಅಂಕಿಗಳು ಮಾತ್ರ ಅಂಕಿಗಳಾಗೇ ಇರುತ್ತವೆ. ಹಾಗಾಗಿ ಆ ಕಾರ್ಯದರ್ಶಿಗಳ ಫೋನಿನಲ್ಲಿ ನಮ್ಮ ರೇಟು ಸ್ಪಷ್ಟವಾಗಿ ಕಂಡಿತು. "ಬಾಡಿಗೆ, ಕೂಲಿ ಸೇರಿ" ಅನ್ನುವುದು ಮಾತ್ರ ಕಾಣಲಿಲ್ಲ. ಪೂರ್ತಿ ಕೆಟ್ಟಿದ್ದರೆ ಅವರೇ ಫೋನ್ ಮಾಡಿ ಕೇಳುತ್ತಿದ್ದರು ಅನಿಸುತ್ತದೆ. ಅರ್ಧ ಕಂಡಿದ್ದೇ ನಮಗೆ ಮುಳುವಾಯಿತು.

ಆದ್ದರಿಂದ ಯಾವ ಫಾಂಟ್ ಇಡಲಿ ಅನ್ನುವ ಪ್ರಶ್ನೆಯನ್ನೇ ಬಿಟ್ಟುಬಿಡಿ. ಟೈಪ್ ಮಾಡುವುದನ್ನು ಯೂನಿಕೋಡ್‌ಗೆ ಬದಲಾಯಿಸಿ. ಅದರಲ್ಲಿ ಕ ಅನ್ನುವುದಕ್ಕೆ 0ಸಿ95 ಅಂತ ಅದರದ್ದೇ ಸಂಖ್ಯೆ ಇದೆ. ಯಾವ ಫೋನಿಗೆ ಹೋದರೂ ಅದು ಕ ಆಗಿಯೇ ಇರುತ್ತದೆ. ನುಡಿ, ಬರಹ ಅನ್ನುವ ಎರಡೂ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಯೂನಿಕೋಡ್ ಆಯ್ಕೆ ಇದೆ, ಕೈಗೆ ಅಭ್ಯಾಸವಾದ ಕೀಲಿಮಣೆ ಬಿಡಬೇಕಾಗಿಲ್ಲ. ಔಟ್‌ಲುಕ್‌ನ ಡಿಫಾಲ್ಟ್ ಫಾಂಟನ್ನು ಸುಮ್ನೆ ಹಾಗೇ ಬಿಡಿ. 2007ರಿಂದ ಕ್ಯಾಲಿಬ್ರಿ ಇತ್ತು, 2023ರಿಂದ ಆಪ್ಟೋಸ್ ಬಂದಿದೆ. ಎರಡರಲ್ಲೂ ಕನ್ನಡ ಅಕ್ಷರಗಳಿಲ್ಲ, ಆದರೂ ತೊಂದರೆಯಿಲ್ಲ. ತನ್ನಲ್ಲಿರುವ ಬೇರೆ ಕನ್ನಡ ಫಾಂಟನ್ನು ವಿಂಡೋಸ್ ತಾನೇ ತಂದುಕೊಳ್ಳುತ್ತದೆ. ಫಾಂಟ್ ನೀವೇ ಆರಿಸಬೇಕು ಅಂತಿದ್ದರೆ ನಿರ್ಮಲಾ ಯುಐ ಇಡಿ, ವಿಂಡೋಸ್ 8ರಿಂದ ಜೊತೆಗೇ ಬರುತ್ತಿದೆ. ಅಕ್ಷರ ನಿಮಗೆ ಬೇಕಾದ ಆಕಾರದಲ್ಲೇ ಕಾಣಬೇಕು ಅಂದರೆ ಕೊಟೇಶನ್ನನ್ನು ಪಿಡಿಎಫ್ ಮಾಡಿ ಲಗತ್ತಿಸಿ. ಫಾಂಟನ್ನು ಪಿಡಿಎಫ್ ಒಳಗೇ ಇಡಬಹುದು.

ಈಗಾಗಲೇ ನುಡಿ ಇಟ್ಟುಬಿಟ್ಟಿದ್ದರೆ ಔಟ್‌ಲುಕ್ ಕ್ಲಾಸಿಕ್‌ನ, ಅಂದರೆ ಹಳೆಯ ಔಟ್‌ಲುಕ್‌ನ, ಅದೇ ಸ್ಟೇಷನರಿ ಅಂಡ್ ಫಾಂಟ್ಸ್‌ನಲ್ಲಿ ಹೊಸ ಮೇಲ್, ರಿಪ್ಲೈ ಎರಡನ್ನೂ ಬದಲಾಯಿಸಿ. ಒಂದನ್ನು ಬದಲಾಯಿಸಿದರೆ ಇನ್ನೊಂದು ತಾನಾಗಿ ಬದಲಾಗುವುದಿಲ್ಲ. ಅಲ್ಲಿರುವ ಮೂರನೆಯದು ಪ್ಲೇನ್ ಟೆಕ್ಸ್ಟ್‌ನದು, ಅಂದರೆ ಫಾಂಟ್ ಸೂಚನೆಯೇ ಇಲ್ಲದ ಬರೀ ಅಕ್ಷರದ ಮೇಲ್‌ನದು. ಅದು ನಿಮ್ಮ ಕಣ್ಣಿಗೆ ಮಾತ್ರ, ಪಡೆದವರಿಗೆ ಹೋಗುವುದಿಲ್ಲ.

ಸಿಗ್ನೇಚರ್ ವಿಷಯದಲ್ಲೂ ಇದೇ ಗಮನ ಬೇಕು. ಡಿಫಾಲ್ಟ್ ಫಾಂಟ್ ಬದಲಾಯಿಸಿದರೆ ಹಳೆಯ ಸಿಗ್ನೇಚರಿನ ಫಾಂಟ್ ಬದಲಾಗುವುದಿಲ್ಲ, ಅದು ಬೇರೆ ಫೈಲು. ಔಟ್‌ಲುಕ್ ಕ್ಲಾಸಿಕ್‌ನಲ್ಲಿ ಪ್ರತಿ ಸಿಗ್ನೇಚರೂ ಎಚ್‌ಟಿಎಂ, ಆರ್‌ಟಿಎಫ್, ಟಿಎಕ್ಸ್‌ಟಿ ಅಂತ ಮೂರು ರೂಪದಲ್ಲಿ ಆಪ್‌ಡೇಟಾ ಒಳಗಿನ ಸಿಗ್ನೇಚರ್ಸ್ ಫೋಲ್ಡರಿನಲ್ಲಿ ಇರುತ್ತದೆ. ಹಳೆಯದನ್ನು ತಿದ್ದುತ್ತಾ ಕೂರಬೇಡಿ, ಅಳಿಸಿ ಹೊಸದು ಬರೆಯಿರಿ. ಹೊಸ ಮೇಲ್‌ಗೆ ಒಂದು, ರಿಪ್ಲೈ ಮತ್ತು ಫಾರ್ವರ್ಡ್‌ಗೆ ಇನ್ನೊಂದು ಇಡಲು ಅಲ್ಲೇ ಎರಡು ಜಾಗ ಇವೆ. ಎರಡನೆಯದರಲ್ಲಿ ಹೆಸರು, ಫೋನ್ ನಂಬರ್ ಸಾಕು. ಪ್ರತಿ ರಿಪ್ಲೈಯಲ್ಲೂ ಪೂರ್ತಿ ವಿಳಾಸ ಬರುತ್ತಿದ್ದರೆ ವಿಷಯ ಹುಡುಕುವುದೇ ಕಷ್ಟ. ಲೋಗೋ ಚಿತ್ರ ಬೇಡ ಅನ್ನುವವನು ನಾನು. ಎಷ್ಟೋ ಕಡೆ ಅದು ಅಟ್ಯಾಚ್‌ಮೆಂಟ್ ಥರ ಕಾಣುತ್ತದೆ, ಜನ ಕೊಟೇಶನ್ ಅಂದುಕೊಂಡು ತೆರೆಯುತ್ತಾರೆ.

ಔಟ್‌ಲುಕ್ ಬದಲು ಥಂಡರ್‌ಬರ್ಡ್ ಅನ್ನುವ ಮೇಲ್ ತಂತ್ರಾಂಶ ಬಳಸುವವರಿಗೂ ಇದೇ ಮಾತು. ಫಾಂಟ್ ಇರುವುದು ಸೆಟ್ಟಿಂಗ್ಸ್‌ನ ಕಂಪೋಸಿಷನ್‌ನಲ್ಲಿ, ಸಿಗ್ನೇಚರ್ ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ.

ನಿಮ್ಮ ಹಳೆಯ ಮೇಲ್ ಯಾವ ಥರದ್ದು ಅಂತ ಗೊತ್ತಾಗಬೇಕಾದರೆ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. ಕನ್ನಡ ಕಂಡರೆ ಯೂನಿಕೋಡ್. ಪಿ, ಎ, ಪೌಂಡ್ ಕಂಡರೆ ಆಸ್ಕಿ. ಪದೇ ಪದೇ ಕಳಿಸುವ ಪತ್ರಗಳು ಆಸ್ಕಿಯಲ್ಲಿದ್ದರೆ ಮತ್ತೆ ಟೈಪ್ ಮಾಡಬೇಕಿಲ್ಲ, ಬದಲಾಯಿಸಿಕೊಡುವ ಸೌಲಭ್ಯ ನುಡಿ, ಬರಹ ಎರಡರಲ್ಲೂ ಇದೆ. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಸರಿಯಾಗಿ ಬಂದಿವೆಯಾ ಅಂತ ಒಮ್ಮೆ ಓದಿ. ಆಮೇಲೆ ನುಡಿ ಹಾಕಿರದ ಒಂದು ಫೋನಿಗೆ ಕಳಿಸಿ, ಅಲ್ಲಿ ತೆರೆದು ನೋಡಿ. ನಿಮ್ಮ ಸೆಂಟ್ ಫೋಲ್ಡರ್ ನೋಡಿ ಸರಿಯಿದೆ ಅಂದುಕೊಳ್ಳಬೇಡಿ.