ತಳಿ ಯಾವುದು ಅನ್ನೋದು ಆಮೇಲೆ, ನಾಯಿಗೆ ಊಟ ಹಾಕೋರು ಯಾರು ಅಂತ ಮೊದಲು ಹೇಳಿ

ಸೈನ್ಯದಿಂದ ಬಂದ ಮೇಲೆ ಪಿಟಿಎಸ್‌ಡಿ, ಅಂದ್ರೆ ಯುದ್ಧದಂಥ ಆಘಾತ ಮನಸ್ಸು ಬಿಡದೆ ಕಾಡೋ ಕಾಯಿಲೆ, ಇರೋ ನಿಮ್ಮವರಿಗೆ ಅಂತ ಜರ್ಮನ್ ಶೆಫರ್ಡ್ ಮರಿ ತಂದು ಮನೇಲೇ ಸರ್ವಿಸ್ ಡಾಗ್ (ಇಂಥವರಿಗೆ ನೆರವಾಗೋಕೆ ಕಲಿತ ನಾಯಿ) ಮಾಡೋದಾ, ಇಲ್ಲ ಇಂಥ ನಾಯಿ ಕೊಡೋ ಸಂಸ್ಥೆಯವರ ಲಿಸ್ಟಲ್ಲಿ ಎರಡು ವರ್ಷ ಕಾಯೋದಾ ಅಂತ ಕೇಳಿದೀರಿ. ಕೊನೇಲಿ "ಇವರು ಬೆಳಿಗ್ಗೆ ಏಳೋದೇ ಕಷ್ಟ, ನಾಯಿ ಕೆಲಸ ಎಲ್ಲಾ ನಾನೇ ನೋಡ್ಕೋತೀನಿ" ಅಂತ ಒಂದು ಲೈನ್ ಬರೆದಿದೀರಲ್ಲ, ಅದನ್ನ ಓದಿ ಹೊಟ್ಟೆ ತೊಳೆಸಿದ ಹಾಗಾಯ್ತು ನಂಗೆ. ಅದೇ ಮಾತು ನಾನೂ ಹೇಳಿದ್ದೆ, 2021ರಲ್ಲಿ.

ನಮ್ಮನೆಯವರು ದಾವಣಗೆರೆಯವರು, ಎಂಎಸ್ ಮಾಡೋಕೆ ಅಂತ ಟೆಕ್ಸಾಸ್‌ಗೆ ಬಂದೋರು. 2009ರಲ್ಲಿ ಇಲ್ಲಿನ ಮಿಲಿಟರಿಯವರು ಮ್ಯಾವ್ನಿ ಅಂತ ಒಂದು ಯೋಜನೆ ತಂದ್ರು, ಗ್ರೀನ್ ಕಾರ್ಡ್ ಇಲ್ದಿದ್ರೂ ಅವರಿಗೆ ಬೇಕಾದ ಭಾಷೆ ಬರ್ತಿದ್ರೆ ಸೇರಬಹುದಿತ್ತು, ಸಿಟಿಜನ್‌ಶಿಪ್ ಬೇಗ ಸಿಗ್ತಿತ್ತು. ಆ ಪಟ್ಟಿಯಲ್ಲಿ ಹಿಂದಿ ಇತ್ತು. ಹೈಸ್ಕೂಲಲ್ಲಿ ಅಪ್ಪ ಬೈದು ಬೈದು ಕಟ್ಟಿಸಿದ ಹಿಂದಿ ಪರೀಕ್ಷೆಗಳು ಇವರನ್ನ ಎಲ್ಲಿಗೆ ಮುಟ್ಟಿಸಿದ್ವು ನೋಡಿ. 2012ರಲ್ಲಿ ಅಫ್ಘಾನಿಸ್ತಾನ, ಒಂಬತ್ತು ತಿಂಗಳು. 2014ರಲ್ಲಿ ಸೈನ್ಯ ಬಿಟ್ಟು ಬಂದ್ರು, 2015ರಲ್ಲಿ ನಮ್ಮ ಮದುವೆ. ಅಲ್ಲಿ ಏನಾಯ್ತು ಅಂತ ಪೂರ್ತಿ ನಂಗೆ ಇವತ್ತಿಗೂ ಗೊತ್ತಿಲ್ಲ, ಕೇಳೋದೂ ಇಲ್ಲ. ನಂಗೆ ಗೊತ್ತಿರೋದು ರಾತ್ರಿಗಳು ಮಾತ್ರ. ನಿದ್ದೆಯಲ್ಲಿ ಕೂಗೋರು, ಅದೂ ಇಂಗ್ಲಿಷಲ್ಲಿ, ಹಗಲೆಲ್ಲಾ ನನ್ನ ಜೊತೆ ಕನ್ನಡ ಆಡೋ ಮನುಷ್ಯ.

ಒಂದು ಸಂಸ್ಥೆಯವರ ಲಿಸ್ಟಲ್ಲಿ ಎರಡು ವರ್ಷ ಕಾದ ಮೇಲೆ ಮೈಲೋ ಬಂದ. ಕಪ್ಪು ಲ್ಯಾಬ್ರಡಾರ್, ಎರಡು ವರ್ಷದವನು. ಇಂಥ ಒಂದು ನಾಯಿ ರೆಡಿ ಮಾಡೋಕೆ 20,000 ಡಾಲರ್ ಮೇಲೇ ಖರ್ಚು ಬೀಳುತ್ತೆ, ನಮ್ಮ ಹತ್ರ ಒಂದು ಡಾಲರೂ ತಗೊಳ್ಳಲಿಲ್ಲ. ಇವರನ್ನ ಎರಡು ವಾರ ಅಲ್ಲೇ ಇಟ್ಕೊಂಡು ಅವನ ಜೊತೆ ಟ್ರೇನಿಂಗ್ ಕೊಟ್ರು. ಬ್ಲಾಕ್ ಅಂದ್ರೆ ಇವರ ಮುಂದೆ ಅಡ್ಡ ನಿಂತು ಜನ ಮೈಮೇಲೆ ಬರದ ಹಾಗೆ ಜಾಗ ಬಿಡಿಸ್ತಾನೆ, ಕವರ್ ಅಂದ್ರೆ ಬೆನ್ನ ಹಿಂದಿನ ಕಡೆ ಮುಖ ಮಾಡಿ ಕೂರ್ತಾನೆ, ತೀರಾ ಗಾಬರಿ ಆದಾಗ ತೊಡೆ ಮೇಲೆ ಮೈಭಾರ ಎಲ್ಲಾ ಹಾಕಿ ಮಲಗ್ತಾನೆ, ಆ ಭಾರಕ್ಕೇ ಉಸಿರು ನಿಧಾನ ಆಗುತ್ತೆ. ಇದೆಲ್ಲಕ್ಕಿಂತ ಮುಖ್ಯವಾದದ್ದು ರಾತ್ರಿ ಡ್ಯೂಟಿ. ಇವರು ಕನಸಲ್ಲಿ ಒದ್ದಾಡೋಕೆ ಶುರು ಮಾಡಿದ್ರೆ ಮೂಗಲ್ಲಿ ತಿವಿದು ನೆಕ್ಕಿ ಎಬ್ಬಿಸಬೇಕು. ನಾವು ಮುಟ್ಟಿ ಎಬ್ಬಿಸೋ ಹಾಗಿಲ್ಲ, ಯಾಕೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಟ್ರೇನರಮ್ಮ ನಂಗೆ ಬೇರೆಯಾಗಿ ಫೋನ್ ಮಾಡಿ ಹೇಳಿದ್ದು ಒಂದೇ. ಮೊದಲ ಆರು ತಿಂಗಳು ಊಟ, ವಾಕಿಂಗು, ಮುದ್ದು ಮೂರೂ ಇವರ ಕೈಯಿಂದಲೇ, ನೀನು ಮನೇಲಿ ಒಂದು ಕಂಬ ಇದ್ದ ಹಾಗೆ ಇರು ಅಂತ. ಹೂಂ ಅಂದೆ. ಒಂದು ವಾರ ಹಾಗೇ ಇದ್ದೆ.

ಇವರಿಗೆ ನಿದ್ದೆ ಹತ್ತೋದೇ ಬೆಳಗಿನ ಜಾವ ನಾಲ್ಕಕ್ಕೆ. ಆರೂವರೆಗೆ ನಾಯಿ ಕುಂಯ್‌ಗುಟ್ಟುತ್ತೆ. ಪಾಪ ಈಗ ತಾನೇ ಮಲಗಿದಾರೆ, ಇವತ್ತೊಂದಿನ ನಾನೇ ಹೊರಗೆ ಕರ್ಕೊಂಡು ಹೋಗ್ತೀನಿ, ಬಂದ ಮೇಲೆ ಬಟ್ಟಲಿಗೆ ಊಟ ಹಾಕ್ತೀನಿ, ಅಂತ ಶುರುವಾಗಿದ್ದು. ಇವತ್ತೊಂದಿನ ಅನ್ನೋದು ಹದಿನೈದು ತಿಂಗಳು ನಡೀತು. ನಡುವೆ ಅತ್ತೆ ಬಂದ್ರು ಊರಿಂದ, ಮೊದಲನೇ ದಿನ ಮಡಿ ಮೈಲಿಗೆ ಅಂತ ಸೆರಗು ಎತ್ಕೊಂಡು ಓಡಾಡಿದೋರು ಎರಡನೇ ವಾರಕ್ಕೆ ಟೇಬಲ್ ಕೆಳಗೆ ಮೊಸರನ್ನದ ಉಂಡೆ ದಾಟಿಸ್ತಿದ್ರು.

ಒಂದು ರಾತ್ರಿ ಇವರು ಒದ್ದಾಡ್ತಿದ್ರು. ಮೈಲೋ ಎದ್ದ, ಮಂಚ ಸುತ್ತು ಹಾಕಿ ನನ್ನ ಕಡೆ ಬಂದು ನನ್ನ ಕೈ ನೆಕ್ಕಿ ಎಬ್ಬಿಸಿದ. ನಾನು ಅವನಿಗೆ ಬಿಸ್ಕತ್ತು ಕೊಟ್ಟೆ! ಬೆಳಿಗ್ಗೆ ಅಮ್ಮಂಗೆ ವಾಟ್ಸಾಪ್‌ನಲ್ಲಿ ಎಷ್ಟು ಜಾಣ ನೋಡಮ್ಮ, ನನ್ನನ್ನ ಕರೀತಾನೆ ಅಂತ ಬೇರೆ ಹೇಳಿದೆ. ಆಮೇಲೆ ಪ್ರತಿ ಸಲವೂ ಅದೇ, ಅವನು ನನ್ನನ್ನ ಎಬ್ಬಿಸೋದು, ನಾನು ಇವರನ್ನ ಎಬ್ಬಿಸೋದು, ಹಾಗೆ ಒಂದು ಸಲ ನಿದ್ದೆಗಣ್ಣಲ್ಲಿ ಭುಜ ಮುಟ್ಟಿಬಿಟ್ಟೆ, ಇವರ ಮೊಣಕೈ ಬಂದು ಬಾಯಿಗೆ ಬಡೀತು, ತುಟಿ ಒಡೀತು. ಒಂದು ತಿಂಗಳು ಸೋಫಾ ಮೇಲೆ ಮಲಗಿದ್ರು ಇವರು, ನನ್ನ ಮುಖ ನೋಡೋಕೆ ಆಗದೆ. ಆಗಲೂ ನಂಗೆ ಅರ್ಥ ಆಗಲಿಲ್ಲ ಅಂದ್ರೆ ನಂಬ್ತೀರಾ?

2023ರ ಫೆಬ್ರವರಿಯಲ್ಲಿ ತಂಗಿ ಮದುವೆಗೆ ಅಂತ ಆರು ವಾರ ಊರಿಗೆ ಹೋದೆ. ಮೈಲೋ ಎರಡು ದಿನ ಊಟ ಬಿಟ್ಟು ಮುಂಬಾಗಿಲ ಹತ್ರ ಬಿದ್ಕೊಂಡಿದ್ದ. ಇವರಿಗೆ ಒಂದು ವಾರದಲ್ಲಿ ಮೂರು ಸಲ ಕನಸು, ಒಂದು ಸಲನೂ ಅವನು ಬಾಗಿಲು ಬಿಟ್ಟು ಬರಲಿಲ್ಲ. ಛತ್ರದಲ್ಲಿ ವಾಲಗದ ಗಲಾಟೆ, ಒಂದು ಕಿವಿ ಮುಚ್ಕೊಂಡು ಫೋನ್ ಹಿಡಿದಿದೀನಿ, ಆ ಕಡೆಯಿಂದ ಇವರು ಸಿಟ್ಟೂ ಇಲ್ದೆ ಹೇಳಿದ್ರು, "ಇದು ನಿನ್ನ ನಾಯಿ ಕಣೆ."

ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವು ಮಾಡೋಕೆ ಹೊರಟಿರೋದು ಇದನ್ನೇ. ನಾಯಿ ಕನಸನ್ನ ಕಂಡುಹಿಡಿಯೋದ್ರಲ್ಲಿ ಮಾಯೆ ಮಂತ್ರ ಏನೂ ಇಲ್ಲ. ಕಾಲು ಒದರೋದು, ಉಸಿರು ಬದಲಾಗೋದು ಗಮನಿಸುತ್ತೆ, ಆಮೇಲೆ ತಿವಿಯುತ್ತೆ, ತಿವಿದ್ರೆ ಎದ್ದವರು ಶಭಾಷ್ ಅಂತ ಸವರಿ ತಿಂಡಿ ಕೊಡ್ತಾರೆ, ಅದಕ್ಕೇ ಮುಂದಿನ ಸಲನೂ ಮಾಡುತ್ತೆ. ನಮ್ಮನೇಲಿ ತಿಂಡಿ ಯಾರ ಕೈಲಿತ್ತು? ನನ್ನ ಕೈಲಿ. ಅಂದ್ರೆ ಇವರು ಒದ್ದಾಡಿದ ತಕ್ಷಣ ನನ್ನನ್ನ ಎಬ್ಬಿಸು, ಬಿಸ್ಕತ್ತು ಸಿಗುತ್ತೆ ಅಂತ ನಾನೇ ಪಾಠ ಹೇಳಿಕೊಟ್ಟಿದ್ದೆ, ಎರಡು ವರ್ಷ ಬೇರೆಯವರು ಕಲಿಸಿದ್ದನ್ನ ಹದಿನೈದು ತಿಂಗಳಲ್ಲಿ ಅಳಿಸಿ. ನಾಯಿ ಸರಿಯಾಗೇ ಕೆಲಸ ಮಾಡ್ತಿತ್ತು, ನನಗೆ.

ಸರಿ ಮಾಡೋಕೆ ನಾಲ್ಕು ತಿಂಗಳು ಹಿಡೀತು. ಬಟ್ಟಲು ಎತ್ತಿಟ್ವಿ, ದಿನದ ಮೂರು ಕಪ್ ಡಾಗ್ ಫುಡ್ ಕಾಳೂ ಇವರ ಮುಷ್ಟಿಯಿಂದಲೇ. ಲೀಶ್ ಇವರ ಸೊಂಟಕ್ಕೆ, ಬಾತ್‌ರೂಮಿಗೆ ಹೋದ್ರೂ ಜೊತೆಗೇ. ನಾನು ಮಾತಾಡಿಸೋ ಹಾಗಿಲ್ಲ, ಕಣ್ಣಲ್ಲಿ ಕಣ್ಣಿಟ್ಟು ನೋಡೋ ಹಾಗೂ ಇಲ್ಲ. ಅವನು ಬಂದು ಮೊಣಕಾಲಿಗೆ ತಲೆ ಒತ್ತಿದ್ರೆ ನಾನು ಈರುಳ್ಳಿ ಹೆಚ್ಚುತ್ತಾ ನಿಲ್ಲಬೇಕು, ಕಣ್ಣೀರಿಗೆ ಈರುಳ್ಳಿ ನೆಪ ಆಗಿದ್ದು ಒಳ್ಳೇದೇ ಆಯ್ತು. ಮೊದಲ ವಾರ ಆರೂವರೆ ಅಲಾರಾಂ ಹೊಡೀತಿತ್ತು, ನಾಯಿ ಅಳ್ತಿತ್ತು, ಇವರು ಏಳ್ತಿರಲಿಲ್ಲ, ನಾನು ದಿಂಬು ಕಚ್ಕೊಂಡು ಮಲಗಿದ್ದೆ. ಒಂದಿನ ಕಾರ್ಪೆಟ್ ಮೇಲೆ ಉಚ್ಚೆ ಹೊಯ್ದ. ಇವರೇ ಒರೆಸಿದ್ರು. ಮಾರನೇ ದಿನ ಅಲಾರಾಂಗಿಂತ ಮುಂಚೆ ಚಪ್ಪಲಿ ಹಾಕ್ಕೊಂಡ ಸದ್ದು ಕೇಳಿಸ್ತು.

ಈಗ ನಿಮ್ಮ ವಿಷಯ. ನೀವೇ ಟ್ರೇನ್ ಮಾಡೋಕೆ ಎಡಿಎ, ಅಂದ್ರೆ ಅಂಗವಿಕಲರ ಹಕ್ಕಿನ ಅಮೆರಿಕದ ಕಾನೂನಲ್ಲಿ ಅಡ್ಡಿ ಇಲ್ಲ, ಸರ್ಟಿಫಿಕೇಟೂ ಬೇಡ. ಆನ್‌ಲೈನಲ್ಲಿ ಐಡಿ ಕಾರ್ಡು, ರಿಜಿಸ್ಟ್ರೇಷನ್ ಅಂತ ಮಾರ್ತಾರಲ್ಲ, ಅದಕ್ಕೆ ಕಾನೂನಿನ ಬೆಲೆ ಚಿಕ್ಕಾಸೂ ಇಲ್ಲ. ಆದ್ರೂ ನಾನು ಬೇಡ ಅಂತೀನಿ. ಮರಿ ಅಂದ್ರೆ ಎರಡು ವರ್ಷದ ಉಚ್ಚೆ, ಕಚ್ಚಾಟ, ಕೊನೆಗೆ ಈ ಕೆಲಸಕ್ಕೆ ಆಗಲ್ಲ ಅಂತಲೂ ಆಗಬಹುದು, ಅದಕ್ಕೇ ಅಂತ ಬ್ರೀಡ್ ಮಾಡೋ ಕಡೇನೇ ಎಷ್ಟೋ ಮರಿಗಳು ಫೇಲಾಗ್ತವೆ. ಆ ಎರಡು ವರ್ಷ ಅದನ್ನ ಸಾಕೋರು ನೀವೇ, ಅಂದ್ರೆ ಅದು ನಿಮ್ಮ ನಾಯಿ ಆಗಿಯೇ ಬೆಳೆಯುತ್ತೆ. ಇನ್ನು ಶೆಫರ್ಡ್ ಯಾಕೆ ಬೇಕು ನಿಮಗೆ, ಕಾವಲಿಗಾ? ಈಗಾಗಲೇ ಮೂರು ಸಲ ಬೀಗ ಎಳೆದು ನೋಡೋ ಮನುಷ್ಯನಿಗೆ ಕಾಲಿಂಗ್ ಬೆಲ್ಲಿಗೆ ಗುರ್ ಅನ್ನೋ ಜೊತೆಗಾರ ಸಿಕ್ರೆ ಇಬ್ಬರೂ ಸೇರಿ ಕಿಟಕೀಲಿ ನಿಲ್ತಾರೆ ಅಷ್ಟೇ. ಒಳ್ಳೇ ಶೆಫರ್ಡ್‌ಗಳೂ ಇವೆ ಅಂತ ಯಾರೋ ಬಂದು ಹೇಳ್ತಾರೆ, ಇರಲಿ.

ವಿಎ, ಅಂದ್ರೆ ಮಾಜಿ ಸೈನಿಕರನ್ನ ನೋಡ್ಕೊಳ್ಳೋ ಇಲ್ಲಿನ ಸರ್ಕಾರಿ ಇಲಾಖೆ, ನಾಯಿ ಕೊಡಲ್ಲ, ಅದನ್ನ ನೆಚ್ಕೋಬೇಡಿ. 2021ರಲ್ಲಿ ಪಾಸ್ ಆದ ಕಾನೂನಿನ ಪ್ರಕಾರ ಐದು ವಿಎ ಸೆಂಟರ್‌ಗಳಲ್ಲಿ ಪಿಟಿಎಸ್‌ಡಿ ಇರೋ ವೆಟರನ್‌ಗಳ (ಮಾಜಿ ಸೈನಿಕರ) ಕೈಯಿಂದಲೇ ನಾಯಿ ಟ್ರೇನ್ ಮಾಡಿಸೋ ಪ್ರಯೋಗ ಶುರುವಾಯ್ತು, ಟೆಕ್ಸಾಸಲ್ಲಿ ಸ್ಯಾನ್ ಆಂಟೋನಿಯೊ. ಕಾಯೋ ಟೈಮಲ್ಲಿ ಅದನ್ನ ವಿಚಾರಿಸಿ, ಬೆಳಿಗ್ಗೆ ಎದ್ದು ಹೋಗೋಕೆ ನಿಮ್ಮವರಿಗೊಂದು ಕಾರಣ ಆದ್ರೂ ಆಗುತ್ತೆ. ಮಾತ್ರೆ, ಕೌನ್ಸೆಲಿಂಗ್ ಮಾತ್ರ ಬಿಡಿಸಬೇಡಿ. 2024ರಲ್ಲಿ 156 ವೆಟರನ್‌ಗಳ ಮೇಲೆ ಬಂದ ಸ್ಟಡಿಯಲ್ಲೂ ನಾಯಿ ಇದ್ದವರಿಗೆ ಮೂರು ತಿಂಗಳಲ್ಲಿ ತೊಂದರೆ ಕಮ್ಮಿ ಆಗಿತ್ತು ನಿಜ, ಆದ್ರೆ ಅದು ಮಾಮೂಲಿ ಟ್ರೀಟ್‌ಮೆಂಟ್ ಜೊತೆಗೆ ನಾಯಿ.

ಹೊರಗಡೆ ವಿಷಯ ಬೇಗ ಹೇಳಿ ಮುಗಿಸ್ತೀನಿ. ಎಡಿಎ ಪ್ರಕಾರ ಅಂಗಡಿಯವರು ಎರಡೇ ಪ್ರಶ್ನೆ ಕೇಳಬಹುದು, ಅಂಗವೈಕಲ್ಯಕ್ಕೆ ಬೇಕಾದ ಸರ್ವಿಸ್ ಡಾಗಾ, ಏನು ಕೆಲಸ ಕಲ್ತಿದೆ. ನಮ್ಮ ಇಂಡಿಯನ್ ಗ್ರೋಸರಿ ಅಂಕಲ್‌ಗೆ ಇದನ್ನ ಮೂರು ಸಲ ಹೇಳಬೇಕಾಯ್ತು, ಈಗ ಮೈಲೋ ಬಂದಾಗ ಅವರೇ ಮಕ್ಕಳನ್ನ ಮುಟ್ಟಬೇಡಿ ಅಂತ ಗದರ್ತಾರೆ. ದೇವಸ್ಥಾನಕ್ಕೆ ಆ ಕಾನೂನು ಅನ್ವಯ ಆಗಲ್ಲ, ಬೇಡ ಅಂದ್ರೆ ಬೇಡ. ಅಲ್ಲಿ ಜಗಳ ಆಡೋಕೆ ಹೋಗ್ಬೇಡಿ. ನಾವು ಜನ ಕಮ್ಮಿ ಇರೋ ಮಂಗಳವಾರ ಹೋಗ್ತೀವಿ, ಇವರು ಮೈಲೋ ಜೊತೆ ಪಾರ್ಕಿಂಗಲ್ಲಿ ನಿಂತು ಕೈ ಮುಗೀತಾರೆ, ನಾನು ಪ್ರಸಾದ ತರ್ತೀನಿ. ಇವರಿಗೆ ಮಾತ್ರ.

ಈಗ ನಾನು ಕರೆದ್ರೆ ಮೈಲೋ ಒಂದು ಸಲ ಇವರ ಮುಖ ನೋಡ್ತಾನೆ, ಇವರು ಹೂಂ ಅಂದ್ರೆ ಬರ್ತಾನೆ. ಬೇಜಾರಾಗುತ್ತೆ, ಸುಳ್ಳು ಯಾಕೆ ಹೇಳಲಿ.

ಅಪ್ಲಿಕೇಶನ್ ಹಾಕಿ, ಆದ್ರೆ ನೀವಲ್ಲ, ನಿಮ್ಮವರೇ ಕೂತು ತುಂಬಲಿ. ಅಲ್ಲೀವರೆಗೆ ನಾಳೆಯಿಂದ ಬೆಳಿಗ್ಗೆ ಆರೂವರೆಗೆ ಎದ್ದು ಬೀದಿ ತುದೀವರೆಗೆ ಹೋಗಿ ಬರೋಕೆ ಆಗುತ್ತಾ ಅವರಿಗೆ, ನಾಯಿ ಇಲ್ದೇನೇ? ಹದಿನೈದು ದಿನ ನೋಡಿ ಇಲ್ಲೇ ಕೆಳಗೆ ಬರೀರಿ.