ಹೊಸ ಡೆವಲಪರ್‌ಗಳಿಗೆ ಮೊದಲ ಎರಡು ವಾರ ಏನು ಕಲಿಸಬೇಕು?

ಪುಣೆಯ ಹಿಂಜವಡಿಯಲ್ಲಿ ಮೂರು ವರ್ಷದಿಂದ ಕೆಲಸ ಮಾಡುತ್ತಿದ್ದೀರಿ, ದಾವಣಗೆರೆಯ ಹುಡುಗ, ವಿಜಯಪುರದ ಹುಡುಗಿ ಕಾಲೇಜಿನಿಂದ ನೇರ ನಿಮ್ಮ ಕೈಕೆಳಗೆ ಬರುತ್ತಿದ್ದಾರೆ, ನಿಮ್ಮ ಕೆಲಸ ಕೆಡದಂತೆ ಅವರನ್ನು ತಯಾರು ಮಾಡುವುದು ಹೇಗೆ ಎಂದು ಕೇಳಿದ್ದೀರಿ.

ಸ್ಲೈಡ್ ತೋರಿಸಿ ಆರ್ಕಿಟೆಕ್ಚರ್ ವಿವರಿಸುವ ಯೋಚನೆ ಇದ್ದರೆ ಬಿಡಿ. ಕೋಡ್ ಮುಟ್ಟದವರಿಗೆ ಅದು ತಲೆಗೆ ಇಳಿಯುವುದಿಲ್ಲ. ಮೊದಲ ವಾರದಲ್ಲೇ ಒಂದು ಚಿಕ್ಕ ಬದಲಾವಣೆ ಅವರ ಕೈಯಿಂದ, ಬಳಕೆದಾರರು ಬಳಸುವ ನಿಜವಾದ ವ್ಯವಸ್ಥೆ ಅಂದರೆ ಪ್ರೊಡಕ್ಷನ್‌ವರೆಗೆ ಹೋಗಲಿ. ಬ್ರಾಂಚ್ (ಕೋಡಿನ ಬೇರೆ ಕವಲು), ಟೆಸ್ಟ್, ರಿವ್ಯೂ, ಡಿಪ್ಲಾಯ್ (ಪ್ರೊಡಕ್ಷನ್‌ಗೆ ಏರಿಸುವುದು) ಎಲ್ಲ ದಾರಿಯೂ ಅದರಲ್ಲೇ ಬರುತ್ತದೆ.

ಮೊದಲ ದಿನ ಪ್ರಾಜೆಕ್ಟಿನ ಸೂಚನೆಗಳಿರುವ ಫೈಲ್, ಅಂದರೆ ರೀಡ್‌ಮಿ ಕೊಟ್ಟು, ಅದರಲ್ಲಿದ್ದಂತೆಯೇ ಸೆಟಪ್ ಮಾಡಲು ಹೇಳಿ. ಖಂಡಿತ ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತಾರೆ: ಜಾವಾ ಅಥವಾ ನೋಡ್ ವರ್ಷನ್ ಬೇರೆ, ಎನ್ವಿರಾನ್ಮೆಂಟ್ ಫೈಲ್ ಇಲ್ಲ, ಪೋರ್ಟ್ ಆಗಲೇ ಬೇರೆ ಪ್ರೋಗ್ರಾಂ ಹಿಡಿದಿದೆ. ಸಿಕ್ಕಿಕೊಂಡ ಜಾಗಗಳನ್ನೇ ರೀಡ್‌ಮಿಯಲ್ಲಿ ತಿದ್ದಿಸಿ. ಅದೇ ಅವರ ಮೊದಲ ಪುಲ್ ರಿಕ್ವೆಸ್ಟ್, ಅಂದರೆ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ. ಹಳಬರ ಕಣ್ಣಿಗೆ ಆ ತಪ್ಪುಗಳು ಬೀಳುವುದೇ ಇಲ್ಲ, ಹಾಗಾಗಿ ಇದು ನಿಮಗೂ ಲಾಭ.

ಎರಡನೆಯದು ನಿಜವಾದ ಬಗ್, ಇಪ್ಪತ್ತು ಸಾಲಿನೊಳಗೆ ಮುಗಿಯುವಂಥದ್ದು. ನನಗೆ ಇಷ್ಟವಾದ ಅಭ್ಯಾಸ ಒಂದಿದೆ. ಫಾರಂನಲ್ಲಿ ‘ಲಕ್ಷ್ಮಿ’ ಎಂದು ಹೆಸರು ಹಾಕಿಸಿ, ಉದ್ದ ಎಷ್ಟು ಎಂದು ಕೇಳಿ. ಕಣ್ಣಿಗೆ 2 ಅಕ್ಷರ. ಪೈಥಾನ್ 7 ಅನ್ನುತ್ತದೆ, ಏಕೆಂದರೆ ಅದು ವ್ಯಂಜನ, ಒತ್ತಕ್ಷರ ಮಾಡುವ ಹಲಂತ (್), ಗುಣಿತದ ಚಿಹ್ನೆ ಎಲ್ಲವನ್ನೂ ಬೇರೆಬೇರೆ ಎಣಿಸುತ್ತದೆ. ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟಿಗೆ (ಹೀಗೆ ಎಣಿಸಿದ ಒಂದೊಂದು ಚಿಹ್ನೆಗೆ) 3 ಬೈಟ್, ಅಂದರೆ ಒಟ್ಟು 21. ಒರಾಕಲ್‌ನಲ್ಲಿ 20 ಎಂದು ಬರೆದ ವರ್‌ಚಾರ್2 (ಪಠ್ಯ ಇಡುವ) ಕಾಲಂ ಡಿಫಾಲ್ಟ್ ಆಗಿ ಬೈಟ್ ಎಣಿಸುವುದರಿಂದ ಈ ಪುಟ್ಟ ಹೆಸರೇ ಅಲ್ಲಿ ಹಿಡಿಸುವುದಿಲ್ಲ, ಎರರ್ ಬರುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಅದೇ 20 ಕ್ಯಾರೆಕ್ಟರ್ ಲೆಕ್ಕ, ಆರಾಮಾಗಿ ಕೂರುತ್ತದೆ. ಸ್ಕ್ರೀನ್, ಕೋಡ್, ಡೇಟಾಬೇಸ್ ಮೂರೂ ಒಂದೇ ವಸ್ತುವನ್ನು ಮೂರು ಥರ ನೋಡುತ್ತವೆ ಎಂಬುದನ್ನು ಅವರ ಹೆಸರಿನಲ್ಲೇ ಎಣಿಸಿ ನೋಡಲಿ.

ಎರರ್ ಓದುವುದನ್ನು ಕೂತು ಕಲಿಸಿ, ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರುವುದಿಲ್ಲ. ಪೈಥಾನ್‌ನಲ್ಲಿ ಕೊನೆಯ ಸಾಲು ಮೊದಲು ಓದಬೇಕು. ಜಾವಾದಲ್ಲಿ ಎಲ್ಲಕ್ಕಿಂತ ಕೆಳಗಿನ ‘ಕಾಸ್ಡ್ ಬೈ’ ಹುಡುಕಬೇಕು, ಮೂಲ ಕಾರಣ ಸಾಮಾನ್ಯವಾಗಿ ಅಲ್ಲಿರುತ್ತದೆ. ಆಮೇಲೆ ಲೈಬ್ರರಿಯ ಸಾಲುಗಳನ್ನು ದಾಟಿ ನಮ್ಮದೇ ಕೋಡಿನ ಮೊದಲ ಸಾಲಿಗೆ ಹೋಗಬೇಕು.

ಸಿಕ್ಕಿಕೊಂಡರೆ ಅರ್ಧ ಗಂಟೆ ತಾವೇ ನೋಡಲಿ, ಅದಕ್ಕಿಂತ ಹೆಚ್ಚು ಬೇಡ. ಕೇಳುವಾಗ ಏನು ಆಗಬೇಕಿತ್ತು, ಏನಾಯಿತು, ಏನೇನು ಮಾಡಿ ನೋಡಿದೆ ಎಂದು ಬರೆದು, ಎರರ್ ಪೂರ್ತಿ ಪೇಸ್ಟ್ ಮಾಡಲಿ. ಮೊಬೈಲಿನಲ್ಲಿ ತೆಗೆದ ಸ್ಕ್ರೀನಿನ ಫೋಟೋ ನಡೆಯದು. ಬರೆಯುತ್ತಿರುವಾಗಲೇ ಎಷ್ಟೋ ಸಲ ಉತ್ತರ ಹೊಳೆದು ಮೆಸೇಜ್ ಬರುವುದೇ ಇಲ್ಲ. ನೀವು ಮಾತ್ರ ಕೀಬೋರ್ಡ್ ಕಸಿದುಕೊಳ್ಳಬೇಡಿ. ಐದು ನಿಮಿಷ ಉಳಿಯುತ್ತದೆ, ಅದೇ ಪ್ರಶ್ನೆ ನಾಳೆ ಮತ್ತೆ ಬರುತ್ತದೆ.

ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಬಗ್ಗೆ ಅವರಿಗೆ ಭಯ ಇರುತ್ತದೆ. ಒಮ್ಮೆ ಕಮಿಟ್ ಆದದ್ದು (ಗಿಟ್‌ನಲ್ಲಿ ಉಳಿಸಿದ್ದು) ಸುಲಭಕ್ಕೆ ಕಳೆದುಹೋಗದು, ಗಿಟ್ ತಾನೇ ಇಡುವ ಹೆಜ್ಜೆಗಳ ಪಟ್ಟಿಯಾದ ರೆಫ್‌ಲಾಗ್‌ನಲ್ಲಿ ಡಿಫಾಲ್ಟ್ ಆಗಿ ಕನಿಷ್ಠ 30 ದಿನ ಸಿಗುತ್ತದೆ ಎಂದು ಮಾಡಿ ತೋರಿಸಿ. ಕಮಿಟ್ ಮಾಡದೆ, ಬದಲಾವಣೆ ಅಳಿಸುವ ‘ರಿಸೆಟ್ ಹಾರ್ಡ್’ ಆಜ್ಞೆ ಕೊಟ್ಟರೆ ಮಾತ್ರ ರೆಫ್‌ಲಾಗ್ ಕೂಡ ಕಾಯದು. ಇನ್ನೊಂದು: ಪಾಸ್‌ವರ್ಡ್ ಪುಶ್ ಆಗಿಬಿಟ್ಟರೆ (ಸರ್ವರ್‌ಗೆ ಹೋಗಿಬಿಟ್ಟರೆ) ಮುಂದಿನ ಕಮಿಟ್‌ನಲ್ಲಿ ಅಳಿಸಿ ಪ್ರಯೋಜನವಿಲ್ಲ, ಹಿಸ್ಟರಿಯಲ್ಲಿ ಕೂತಿರುತ್ತದೆ. ಪಾಸ್‌ವರ್ಡನ್ನೇ ಬದಲಿಸಬೇಕು. ತಕ್ಷಣ ಬಂದು ಹೇಳಿದವರನ್ನು ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ.

ರಿವ್ಯೂಗೆ ಸುಮಾರು 100 ಸಾಲಿನೊಳಗಿನ ಬದಲಾವಣೆ ಸಾಕು, ಒಂದು ದಿನದೊಳಗೆ ನೋಡಿ ಕೊಡಿ. ಸ್ಪೇಸು, ಬ್ರಾಕೆಟ್ಟಿನ ಜಗಳ ಕೋಡನ್ನು ತಾನೇ ಒಪ್ಪವಾಗಿಸುವ ಫಾರ್ಮ್ಯಾಟರ್‌ಗೆ ಬಿಡಿ. ‘ತಿದ್ದಲೇಬೇಕು’ ಮತ್ತು ‘ನನಗೆ ಹೀಗಿದ್ದರೆ ಇಷ್ಟ’ ಎರಡನ್ನೂ ಬೇರೆ ಮಾಡಿ ಬರೆಯಿರಿ, ಇಲ್ಲದಿದ್ದರೆ ಮೂವತ್ತು ಕಾಮೆಂಟು ನೋಡಿ ಕಂಗಾಲಾಗುತ್ತಾರೆ. ಎಐ ಬರೆದ ಕೋಡ್ ತಂದರೆ ತೊಂದರೆಯಿಲ್ಲ, ಯಾವ ಸಾಲು ಏಕಿದೆ ಎಂದು ಹೇಳಲು ಬರದಿದ್ದರೆ ಮರ್ಜ್ ಇಲ್ಲ, ಮುಖ್ಯ ಕೋಡಿಗೆ ಸೇರಿಸುವಂತಿಲ್ಲ.

ಪುಣೆಗೆ ಸೇರಿದ ಒಂದು ಮಾತು. ಮೀಟಿಂಗ್ ಇಂಗ್ಲಿಷಿನಲ್ಲಿ ಶುರುವಾಗಿ ಐದೇ ನಿಮಿಷಕ್ಕೆ ಮರಾಠಿ, ಹಿಂದಿಗೆ ಜಾರುತ್ತದೆ. ವಿಜಯಪುರದ ಕಡೆಯವರಿಗೆ ಮರಾಠಿ ಕಿವಿಗೆ ಬಿದ್ದಿರಬಹುದು, ದಾವಣಗೆರೆ ಹುಡುಗ ಸುಮ್ಮನೆ ತಲೆಯಾಡಿಸುತ್ತಾನೆ. ತೀರ್ಮಾನಗಳನ್ನು ಆ ಕೆಲಸ ದಾಖಲಿಸಿದ ಟಿಕೆಟ್‌ನಲ್ಲಿ ಬರೆಸಿ. ನೀವು ಮೂವರೂ ಕನ್ನಡದಲ್ಲಿ ಚರ್ಚಿಸಿ, ಆದರೆ ಟೀಮಿನ ಚಾನೆಲ್‌ನಲ್ಲಿ ಪ್ರಶ್ನೆ ಇಂಗ್ಲಿಷಿನಲ್ಲೇ ಇರಲಿ, ಉಳಿದವರೂ ಉತ್ತರ ಕೊಡುವಂತಾಗಲಿ.

ನಿಮ್ಮ ಕೆಲಸ ಕೆಡದಿರಲು ದಿನಕ್ಕೆ ಎರಡು ಹೊತ್ತು ಗೊತ್ತು ಮಾಡಿ, ಬೆಳಿಗ್ಗೆ 11ಕ್ಕೆ ಹದಿನೈದು ನಿಮಿಷ, ಸಂಜೆ 4ಕ್ಕೆ ಅರ್ಧ ಗಂಟೆ. ಆರಕ್ಕೆ ಇಡಬೇಡಿ, ಆ ಹೊತ್ತಿಗೆ ಎಲ್ಲರ ಮನಸ್ಸೂ ವಾಕಡ್ ಕಡೆಯ ಟ್ರಾಫಿಕ್ಕಿನಲ್ಲಿರುತ್ತದೆ.