ಪ್ರಾಜೆಕ್ಟ್ ತೆರೆಯಿತು, ಹಾಡೇ ಇಲ್ಲ!

ಪ್ರಶ್ನೆ: ರೀಪರ್ ಅನ್ನುವ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಹಾಡು ರೆಕಾರ್ಡ್ ಮಾಡಿ, ಅದರ ಪ್ರಾಜೆಕ್ಟ್ ಫೈಲನ್ನು (ಆರ್‌ಪಿಪಿ) ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ ಗೆಳೆಯನ ಕಂಪ್ಯೂಟರಿನಲ್ಲಿ ತೆರೆದೆ. ಟ್ರ್ಯಾಕ್‌ಗಳ ಹೆಸರೆಲ್ಲ ಇವೆ, ಸದ್ದಿಲ್ಲ. ಫೈಲ್ ಕೆಟ್ಟುಹೋಯಿತಾ?

ಉತ್ತರ: ಕೆಟ್ಟಿಲ್ಲ. ನಿಮ್ಮ ಹಾಡು ನಿಮ್ಮ ಕಂಪ್ಯೂಟರಿನಲ್ಲೇ ಹಾಯಾಗಿದೆ. ಆರ್‌ಪಿಪಿ ಬರೀ ಅಕ್ಷರಗಳ ಫೈಲು, ನೋಟ್‌ಪ್ಯಾಡ್‌ನಲ್ಲೂ ತೆರೆದು ಓದಬಹುದು. ಯಾವ ಟ್ರ್ಯಾಕಿನಲ್ಲಿ ಯಾವ ವೇವ್ (ದನಿಯ) ಫೈಲು, ಎಷ್ಟನೇ ಸೆಕೆಂಡಿಗೆ ಶುರು, ಎಲ್ಲಿ ಕತ್ತರಿಸಿದ್ದೀರಿ, ವಾಲ್ಯೂಮ್ ಎಷ್ಟು ಅನ್ನುವುದನ್ನು ಅದು ಬರೆದಿಟ್ಟುಕೊಳ್ಳುತ್ತದೆ, ದನಿ ಅದರಲ್ಲಿ ಇರುವುದೇ ಇಲ್ಲ. ಗಾತ್ರ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. 48 ಕಿಲೋಹರ್ಟ್ಸ್ ಸ್ಯಾಂಪಲ್‌ರೇಟ್ (ಸೆಕೆಂಡಿಗೆ ದನಿಯ 48,000 ಅಳತೆ), 24 ಬಿಟ್‌ನಲ್ಲಿ ಒಂದು ಮೊನೊ ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 8.6 ಎಂಬಿ ಬೇಕು, 10 ಟ್ರ್ಯಾಕಿನ 5 ನಿಮಿಷದ ಹಾಡಾದರೆ 400 ಎಂಬಿ ದಾಟುತ್ತದೆ. ನೀವು ಒಯ್ದದ್ದು ಅದರ ಹತ್ತಿರಕ್ಕೂ ಬರುವುದಿಲ್ಲ, ಅಲ್ವಾ?

ಇನ್ನು ಮುಂದೆ 'ಸೇವ್ ಪ್ರಾಜೆಕ್ಟ್ ಆ್ಯಸ್' ಒತ್ತಿ, ಹೊಸ ಫೋಲ್ಡರ್ ಮಾಡುವ ಮತ್ತು ಎಲ್ಲ ಮೀಡಿಯಾವನ್ನೂ ಅದರೊಳಗೆ ಕಾಪಿ ಮಾಡುವ ಎರಡು ಟಿಕ್ ಹಾಕಿ, ಆ ಇಡೀ ಫೋಲ್ಡರನ್ನೇ ಒಯ್ಯಿರಿ. ದನಿಗೆ ಎಫೆಕ್ಟ್ ಕೊಡಲು ನೀವು ಬಳಸಿದ ಪ್ಲಗಿನ್ ಗೆಳೆಯನ ಹತ್ತಿರ ಇಲ್ಲದಿದ್ದರೆ ಆ ಟ್ರ್ಯಾಕನ್ನು ಎಫೆಕ್ಟ್ ಸಮೇತ ವೇವ್ ಆಗಿ ರೆಂಡರ್ ಮಾಡಿ (ಹೊಸ ಫೈಲಾಗಿ ಹೊರತೆಗೆದು) ಕೊಡಿ.

ಒಂದು ಎಚ್ಚರಿಕೆ. ಬೇಡದ ಟೇಕ್‌ಗಳನ್ನು (ಒಂದೊಂದು ಸಲದ ರೆಕಾರ್ಡಿಂಗ್) ಅಳಿಸಲು 'ಕ್ಲೀನ್ ಕರೆಂಟ್ ಪ್ರಾಜೆಕ್ಟ್ ಡೈರೆಕ್ಟರಿ' ಅಂತ ಇದೆ. ಅದು ಈಗ ತೆರೆದಿರುವ ಪ್ರಾಜೆಕ್ಟನ್ನು ಮಾತ್ರ ನೋಡುತ್ತದೆ. ನಾನು ಒಂದೇ ಫೋಲ್ಡರಿನಲ್ಲಿ ಒಂದು ಹಾಡಿನ ಎರಡು ಆವೃತ್ತಿ ಇಟ್ಟುಕೊಂಡು, ಅದು ತೋರಿಸಿದ ಪಟ್ಟಿಯನ್ನು ಓದದೆ ಸುಮ್ನೆ ಎಲ್ಲವನ್ನೂ ಅಳಿಸಿ, ಇನ್ನೊಂದು ಆವೃತ್ತಿಯ ಒಳ್ಳೆ ಟೇಕನ್ನೇ ಕಳೆದುಕೊಂಡಿದ್ದೇನೆ.

ಪ್ರಶ್ನೆ: ಅಡಾಸಿಟಿ ಅನ್ನುವ ರೆಕಾರ್ಡಿಂಗ್ ತಂತ್ರಾಂಶದಲ್ಲೂ ಇದೇ ಕಥೆನಾ? ಅದರಿಂದ ವಿಡಿಯೋ ಫೈಲ್ ಹೊರತೆಗೆಯಬಹುದಾ?

ಉತ್ತರ: 2021ರಲ್ಲಿ ಬಂದ 3.0 ಆವೃತ್ತಿಯಿಂದ ಎಯುಪಿ3 ಅನ್ನುವ ಒಂದೇ ಫೈಲಿನಲ್ಲಿ ದನಿಯೂ ಸೇರಿರುತ್ತದೆ. ವಿಡಿಯೋ ಆಗುವುದಿಲ್ಲ.

ಪ್ರಶ್ನೆ: ಮೊಬೈಲ್ ವಿಡಿಯೋವನ್ನು ರೀಪರ್‌ಗೆ ತಂದು, ಮೈಕಿನ ರೆಕಾರ್ಡಿಂಗ್ ಜೋಡಿಸಿ, ಎಂಪಿ4 ಮಾಡಿದೆ. ಶುರುವಿನಲ್ಲಿ ಸರಿ, ಹೋಗ್ತಾ ಹೋಗ್ತಾ ತುಟಿ ಒಂದು ಕಡೆ, ದನಿ ಒಂದು ಕಡೆ.

ಉತ್ತರ: ಹೆಚ್ಚಾಗಿ ಇದು ಫ್ರೇಮ್‌ರೇಟಿನ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದರ) ತಂಟೆ. ಮೊಬೈಲ್ ಕ್ಯಾಮೆರಾ ಸೆಕೆಂಡಿಗೆ 30 ಫ್ರೇಮ್ ಅಂತ ಹೇಳಿಕೊಂಡರೂ ಬೆಳಕು ಕಡಿಮೆಯಾದಾಗ, ಫೋನಿಗೆ ಕೆಲಸ ಜಾಸ್ತಿಯಾದಾಗ ಅದನ್ನು ಏರಿಳಿಸುತ್ತದೆ. ಪ್ಲೇಯರ್‌ನಲ್ಲಿ ನೋಡುವಾಗ ತೊಂದರೆ ಕಾಣುವುದಿಲ್ಲ, ಯಾಕೆಂದರೆ ಪ್ರತಿ ಫ್ರೇಮಿಗೂ ಅದರ ಸಮಯ ಬರೆದಿರುತ್ತದೆ. ಎಡಿಟಿಂಗ್‌ಗೆ ತಂದಾಗ ಎಡವಟ್ಟಾಗುತ್ತದೆ. ಮೊದಲು ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ತಂತ್ರಾಂಶದಲ್ಲಿ 'ಕಾನ್‌ಸ್ಟಂಟ್ ಫ್ರೇಮ್‌ರೇಟ್' (ಏರಿಳಿಯದ ಫ್ರೇಮ್‌ರೇಟ್) ಆರಿಸಿ ವಿಡಿಯೋವನ್ನು ಬದಲಿಸಿಕೊಳ್ಳಿ. ಆಮೇಲೆ ರೀಪರ್‌ನ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಅಗಲ, ಎತ್ತರ, ಫ್ರೇಮ್‌ರೇಟ್ ಮೂರೂ ಆ ವಿಡಿಯೋದ್ದೇ ಇರಲಿ, ಸ್ಯಾಂಪಲ್‌ರೇಟ್ 48 ಕಿಲೋಹರ್ಟ್ಸ್ ಇಡಿ, ಚಿತ್ರಕ್ಕೆ ಎಚ್.264, ದನಿಗೆ ಎಎಸಿ ಆರಿಸಿ ರೆಂಡರ್ ಮಾಡಿ.

ಆದರೆ ನೀವು ಚಿತ್ರವನ್ನು ಎಲ್ಲೂ ಕತ್ತರಿಸಿಲ್ಲ, ದನಿ ಮಾತ್ರ ಬದಲಿಸಬೇಕು ಅನ್ನುವುದಾದರೆ ಇಷ್ಟೆಲ್ಲ ಯಾಕೆ? ಫೋನಿನ ದನಿಯನ್ನೇ ಗುರುತಾಗಿಟ್ಟುಕೊಂಡು ನಿಮ್ಮ ಮಿಕ್ಸನ್ನು ಅದಕ್ಕೆ ಹೊಂದಿಸಿ, ಬರೀ ವೇವ್ ತೆಗೆಯಿರಿ. ಎಫ್ಎಫ್ಎಂಪೆಗ್ ಅನ್ನುವ, ಆಜ್ಞೆ ಟೈಪ್ ಮಾಡಿ ಬಳಸುವ ತಂತ್ರಾಂಶದಲ್ಲಿ ಮೂಲ ವಿಡಿಯೋದ ಚಿತ್ರವನ್ನು 'ಕಾಪಿ' ಅಂತ ಹೇಳಿ, ದನಿಯ ಜಾಗಕ್ಕೆ ಈ ವೇವ್ ಕೊಟ್ಟರೆ ಕ್ಷಣಗಳಲ್ಲಿ ಕೆಲಸ ಮುಗಿಯುತ್ತದೆ. ಚಿತ್ರ ಮರುಎನ್‌ಕೋಡ್ ಆಗುವುದಿಲ್ಲ, ಮಸುಕಾಗುವುದೂ ಇಲ್ಲ. ವೇವ್ ಮಾತ್ರ ವಿಡಿಯೋದ ಮೊದಲ ಫ್ರೇಮ್ ಇರುವ ಜಾಗದಿಂದಲೇ ರೆಂಡರ್ ಆಗಬೇಕು, ಹಾಡು ಶುರುವಾಗುವ ಜಾಗದಿಂದ ಅಲ್ಲ.